ಛೇದದಲ್ಲಿ ಅಡಗಿದ ಅವ್ಯಕ್ತ

ಸಮೀಕರಣದಲ್ಲಿ ಅವ್ಯಕ್ತರಾಶಿಯು ಭಿನ್ನರಾಶಿಯ ಛೇದದಲ್ಲಿ ಅಡಗಿದ್ದರೆ ವಿದ್ಯಾರ್ಥಿಗಳು ಅಳುಕುವುದುಂಟು. ಭೌತವಿಜ್ಞಾನದಲ್ಲಾದರೋ ಇಂಥ ಸಮೀಕರಣಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಒಂದು ಉದಾಹರಣೆಯನ್ನು ನೋಡೋಣ. ಪೀನಮಸೂರವೊಂದರ ಸಂಗಮದೂರ 20 ಸೆಂಟಿಮೀಟರ್. ಅದರಿಂದ 30 ಸೆಂಟಿಮೀಟರ್ ದೂರದಲ್ಲಿ ಉರಿಯುವ ಮೇಣದಬತ್ತಿಯಿದೆ. ಅದರ ಬಿಂಬವು ಸ್ಫುಟವಾಗಿ ಮೂಡಬೇಕಾದರೆ ಪರದೆಯನ್ನು ಮಸೂರದ ಆಚೆಗೆ ಎಷ್ಟು ದೂರದಲ್ಲಿ ಇಡಬೇಕು? ಆ ದೂರವನ್ನು ‘ಕ್ಷ’ ಎನ್ನೋಣ. ದೂರಗಳ ಪರಿಮಾಣಗಳನ್ನಷ್ಟೇ ಗಣಿಸಿದರೆ, ನಿಜಬಿಂಬಕ್ಕೆ ಅನ್ವಯಿಸುವ ನಿಯಮ ಹೀಗಿದೆ:

1/30 + 1/ಕ್ಷ = 1/20

ಇಲ್ಲಿ ಒಂದೊಂದು ಪದವನ್ನೂ ತಲೆಕೆಳಗು ಮಾಡಿ, 30 + ಕ್ಷ = 20 ಎಂದು ಬರೆಯುವವರಿದ್ದಾರೆ. ಆಗ ‘ಕ್ಷ’ದ ಬೆಲೆ –10 ಆಗುವುದು. ದೂರದ ಪರಿಮಾಣವು ಋಣಸಂಖ್ಯೆಯಾಗುವುದೆಂತು? ಈ ಕ್ರಮವೇ ಸರಿಯಾಗಿದ್ದರೆ, 1/2 + 1/2 = 1 ಎಂಬುದರಿಂದ 2 + 2 = 1 ಎಂದೂ ಹೇಳಬೇಕಾದೀತು! ಮೊತ್ತದ ವ್ಯುತ್ಕ್ರಮವೇ ಬೇರೆ, ವ್ಯುತ್ಕ್ರಮಗಳ ಮೊತ್ತವೇ ಬೇರೆ.

ಹಾಗಾದರೆ ಸರಿಯಾದ ದಾರಿ ಯಾವುದು? ಸಮೀಕರಣವು ತಕ್ಕಡಿಯಿದ್ದಂತೆ. ಎರಡು ಪಕ್ಷಗಳನ್ನೂ ಒಂದೇ ರಾಶಿಯಿಂದ ಗುಣಿಸಿದರೆ ಸಮತೋಲ ಕೆಡದು. ಛೇದಗಳೆಲ್ಲವೂ ಒಮ್ಮೆಗೇ ಕಳೆಯುವಂತೆ, ಅವುಗಳ ಲಘುತಮ ಸಾಮಾನ್ಯ ಅಪವರ್ತ್ಯದಿಂದ ಗುಣಿಸುವುದು ಲೇಸು. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಭಿನ್ನರಾಶಿಗಳನ್ನು ಕೂಡಿಸಲು ಇದೇ ಅಪವರ್ತ್ಯವನ್ನು ಬಳಸಿ, ಅದನ್ನು ‘ನಿರುದ್ಧ’ವೆಂದು ಕರೆದನು. ನಮ್ಮ ಸಮೀಕರಣದಲ್ಲಿ ಅದು 60ಕ್ಷ. ಪ್ರತಿಯೊಂದು ಪದವನ್ನೂ ಅದರಿಂದ ಗುಣಿಸಿದರೆ,

2ಕ್ಷ + 60 = 3ಕ್ಷ

ಆದುದರಿಂದ ಕ್ಷ = 60. ತಾಳೆ ನೋಡಿ: 1/30 + 1/60 = 3/60 = 1/20. ಪರದೆಯು 60 ಸೆಂಟಿಮೀಟರ್ ದೂರದಲ್ಲಿರಬೇಕು.

ಆದರೆ ಒಂದು ಎಚ್ಚರಿಕೆ ಅಗತ್ಯ. ಗುಣಿಸುವ ರಾಶಿಯು ಸೊನ್ನೆಯಾಗಿರಬಾರದು. ಕ್ಷ/(ಕ್ಷ – 2) = 3 + 2/(ಕ್ಷ – 2) ಎಂಬುದನ್ನು (ಕ್ಷ – 2)ರಿಂದ ಗುಣಿಸಿದರೆ, ಕ್ಷ = 3ಕ್ಷ – 4 ಎಂದಾಗಿ, ಕ್ಷ = 2 ಎಂಬ ಉತ್ತರ ಬರುತ್ತದೆ. ಆದರೆ ಆ ಬೆಲೆಗೆ ಮೂಲದ ಛೇದಗಳು ಸೊನ್ನೆಯಾಗುತ್ತವೆ, ಸೊನ್ನೆಯಿಂದ ಭಾಗಿಸುವಂತಿಲ್ಲ. ಆದ್ದರಿಂದ ಈ ಸಮೀಕರಣಕ್ಕೆ ಉತ್ತರವೇ ಇಲ್ಲ. ಬಂದ ಬೆಲೆಯನ್ನು ಮೂಲ ಸಮೀಕರಣದಲ್ಲಿಟ್ಟು ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿಯೇ.

ಉತ್ತರವಿಲ್ಲದಿರುವುದಕ್ಕೂ ಅರ್ಥವಿರಬಹುದು. ಮೇಣದಬತ್ತಿಯನ್ನು ಮಸೂರದಿಂದ 20 ಸೆಂಟಿಮೀಟರ್ ದೂರಕ್ಕೆ ಸರಿಸಿದರೆ, 1/20 + 1/ಕ್ಷ = 1/20 ಎಂದಾಗುವುದು. 20ಕ್ಷದಿಂದ ಗುಣಿಸಿದರೆ ಕ್ಷ + 20 = ಕ್ಷ; ಇದು ಅಸಾಧ್ಯ. ಈಗ ಜ್ವಾಲೆಯು ಸಂಗಮಬಿಂದುವಿನಲ್ಲಿದೆ. ಅಲ್ಲಿಂದ ಹೊರಟ ಕಿರಣಗಳು ಮಸೂರವನ್ನು ದಾಟಿ ಸಮಾಂತರವಾಗಿ ಸಾಗುತ್ತವೆ. ಪರದೆಯನ್ನು ಎಲ್ಲಿಟ್ಟರೂ ಸ್ಫುಟವಾದ ಬಿಂಬ ಮೂಡದು.