ಮೂರು ಗಂಟೆಯೊಳಗಿನ ಮದ್ದು

ಯುದ್ಧದಲ್ಲಿ ಸೋತ ಜಪಾನಿನಲ್ಲಿ ಸಂಶೋಧನೆಗೆ ದುಡ್ಡೂ ಇರಲಿಲ್ಲ, ಸಾಮಾನೂ ಇರಲಿಲ್ಲ. ಟೋಕಿಯೊದ ಕೇಯೊ ವಿಶ್ವವಿದ್ಯಾಲಯದಲ್ಲಿದ್ದ ಡಾ. ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ರಕ್ತದ ಅಧ್ಯಯನಕ್ಕೆ ಕೈಹಾಕಿದ್ದಕ್ಕೆ ಈ ಬಡತನವೂ ಒಂದು ಕಾರಣ. ರಕ್ತ ಸಾಲದಿದ್ದರೆ ತಮ್ಮದನ್ನೇ ತೆಗೆದುಕೊಳ್ಳಬಹುದಲ್ಲ! ಉತಾಕೊ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಲ್ಯಾಬಿನಲ್ಲಿ ದುಡಿದರು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಸಾಯುವ ಬಾಣಂತಿಯರನ್ನು ಉಳಿಸಬೇಕೆಂಬುದು ಅವರ ಹಂಬಲ.

ಗಾಯವಾದಾಗ ಫೈಬ್ರಿನ್ ಎಳೆಗಳು ಹೆಣೆದುಕೊಂಡು ಹೆಪ್ಪನ್ನು ಹಿಡಿದಿಡುತ್ತವೆ. ಆ ಎಳೆಗಳನ್ನು ಕತ್ತರಿಸಿ ಹೆಪ್ಪು ಕರಗಿಸುವ ಪ್ಲಾಸ್ಮಿನ್ ಕೂಡ ನಮ್ಮ ರಕ್ತದ್ದೇ. ಅದರ ಮೂಲರೂಪವಾದ ಪ್ಲಾಸ್ಮಿನೋಜೆನ್ ಫೈಬ್ರಿನ್‌ಗೆ ಅಂಟಿಕೊಳ್ಳುವುದು ಲೈಸಿನ್ ಎಂಬ ಅಮೈನೊ ಆಮ್ಲ ಇರುವ ಕಡೆ. ದಂಪತಿ ಲೈಸಿನ್ನನ್ನು ಹೋಲುವ ಅಣುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮೊದಲು ಸಿಕ್ಕ ಎಪ್ಸಿಲಾನ್ ಅಮೈನೊಕ್ಯಾಪ್ರೋಯಿಕ್ ಆಮ್ಲ ಕೆಲಸ ಮಾಡುತ್ತಿತ್ತು, ಆದರೆ ಅದಕ್ಕೆ ದೊಡ್ಡ ಡೋಸೇ ಬೇಕು. 1962ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಅಣು ಅದಕ್ಕಿಂತ 27 ಪಟ್ಟು ಬಲವಾಗಿತ್ತು. ಅದೇ ಟ್ರಾನೆಕ್ಸಾಮಿಕ್ ಆಮ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಪ್ಲಾಸ್ಮಿನೋಜೆನ್‌ನಲ್ಲಿ ಲೈಸಿನ್‌ಗೆ ಮೀಸಲಾದ ಜಾಗವನ್ನು ಇದು ಮೊದಲೇ ಹಿಡಿದುಬಿಡುತ್ತದೆ. ಹೊಸ ಹೆಪ್ಪು ಕಟ್ಟುವುದು ಇದರ ಕೆಲಸವಲ್ಲ. ಕಟ್ಟಿದ ಹೆಪ್ಪು ಕರಗದಂತೆ ನೋಡಿಕೊಳ್ಳುವುದಷ್ಟೇ.

ಮದ್ದು ಸಿಕ್ಕಿತು, ಬಾಣಂತಿಯರಿಗೆ ಮಾತ್ರ ತಲುಪಲಿಲ್ಲ. ದಂಪತಿ ಕೋಬೆಗೆ ಹೋದ ಮೇಲೂ ಅಲ್ಲಿನ ಹೆರಿಗೆ ವೈದ್ಯರನ್ನು ಪರೀಕ್ಷೆಗೆ ಒಪ್ಪಿಸಲಾಗಲಿಲ್ಲ. ಮುಟ್ಟಿನ ಅತಿಸ್ರಾವಕ್ಕೆ, ಹಿಮೋಫಿಲಿಯಾ ಇದ್ದವರ ಹಲ್ಲು ಕೀಳುವಾಗ, ಹೃದಯದ ಆಪರೇಷನ್‌ಗೆ ಅದು ಬಳಕೆಗೆ ಬಂತು. ಅಗ್ಗದ ಹಳೇ ಔಷಧಿಗಾಗಿ ಸಾವಿರಾರು ರೋಗಿಗಳ ಪರೀಕ್ಷೆ ನಡೆಸುವ ಉಮೇದು ಯಾವ ಕಂಪನಿಗೆ ಇದ್ದೀತು?

ಆ ಕೆಲಸಕ್ಕೆ ಮುಂದಾದದ್ದು ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್. ಅಪಘಾತ, ಹಲ್ಲೆಗಳಲ್ಲಿ ಗಾಯಗೊಂಡವರ ಮೇಲೆ ಅದು ನಡೆಸಿದ ಕ್ರ್ಯಾಶ್-2 ಪರೀಕ್ಷೆಯಲ್ಲಿ 40 ದೇಶಗಳ 20,211 ಮಂದಿ ಇದ್ದರು. ಭಾರತದ ಆಸ್ಪತ್ರೆಗಳೂ ಸೇರಿದ್ದವು. 2010ರಲ್ಲಿ ಫಲಿತಾಂಶ ಬಂತು: ಸಾವು ಶೇ 16ರಿಂದ 14.5ಕ್ಕೆ ಇಳಿದಿತ್ತು. ಆದರೆ ನನಗೆ ಅದಕ್ಕಿಂತ ದೊಡ್ಡ ಪತ್ತೆಯಾಗಿ ಕಾಣುವುದು ಮರುವರ್ಷದ ವಿಶ್ಲೇಷಣೆ. ಗಾಯವಾಗಿ ಮೂರು ಗಂಟೆ ಕಳೆದ ಮೇಲೆ ಮದ್ದು ಪಡೆದವರಲ್ಲಿ ರಕ್ತಸ್ರಾವದಿಂದ ಸತ್ತವರು ಶೇ 4.4, ಮದ್ದು ಪಡೆಯದವರಲ್ಲಿ ಶೇ 3.1. ಉಳಿಸುವ ಮದ್ದೇ ಹೊತ್ತು ಮೀರಿದರೆ ಕೆಡುಕು ಮಾಡಬಲ್ಲದು.

ಬಾಣಂತಿಯರ ಸರದಿ ಬಂದದ್ದು ಆಮೇಲೆ. 20,060 ತಾಯಂದಿರ ಮೇಲಿನ ವುಮನ್ ಪರೀಕ್ಷೆಯಲ್ಲಿ, ಹೆರಿಗೆಯಾಗಿ ಮೂರು ಗಂಟೆಯೊಳಗೆ ಮದ್ದು ಪಡೆದವರಲ್ಲಿ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದು ಪಾಲು ತಗ್ಗಿತು. ಅದು ಪ್ರಕಟವಾದದ್ದು 2017ರ ಏಪ್ರಿಲ್‌ನಲ್ಲಿ. ಉತಾಕೊ ಹಿಂದಿನ ಏಪ್ರಿಲ್‌ನಲ್ಲೇ, 98ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. 2017ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಈ ಮದ್ದನ್ನು ಶಿಫಾರಸು ಮಾಡಿತು: ಒಂದು ಗ್ರಾಂ ಮದ್ದನ್ನು ಹತ್ತು ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಕೊಡುವುದು, ಅರ್ಧ ಗಂಟೆಯ ನಂತರವೂ ರಕ್ತ ನಿಲ್ಲದಿದ್ದರೆ ಇನ್ನೊಂದು ಗ್ರಾಂ.

ಹಾಗೆಂದು ರಕ್ತ ಸುರಿಯುವಲ್ಲೆಲ್ಲ ಇದು ನಡೆಯದು. ಹೊಟ್ಟೆ, ಕರುಳಿನ ರಕ್ತಸ್ರಾವಕ್ಕೆ ಉಪಯೋಗವಿಲ್ಲವೆಂದು 2020ರ ಹಾಲ್ಟ್-ಇಟ್ ಪರೀಕ್ಷೆ ತೋರಿಸಿತು. ಸಿರೆಗಳಲ್ಲಿ ಹೆಪ್ಪುಗಟ್ಟುವುದು ಮತ್ತು ಫಿಟ್ಸ್ ಅದರಲ್ಲಿ ಹೆಚ್ಚಾದವು. ಮೂತ್ರಪಿಂಡ ದುರ್ಬಲವಾಗಿದ್ದರೆ ಡೋಸ್ ಇಳಿಸಬೇಕು. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಅರಿವಳಿಕೆಯ ಆಂಪ್ಯೂಲ್ ಎಂದು ತಿಳಿದು ಇದನ್ನೇ ಬೆನ್ನುಹುರಿಯ ದ್ರವಕ್ಕೆ ಚುಚ್ಚಿದ ಘಟನೆಗಳಲ್ಲಿ ಜೀವಗಳೇ ಹೋಗಿವೆ. ಎರಡನ್ನೂ ಬೇರೆ ಬೇರೆ ಕಡೆ ಇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಆಸ್ಪತ್ರೆಗಳಿಗೆ ಎಚ್ಚರಿಕೆ ಕೊಟ್ಟಿದೆ.