ಕಾರಿನೊಳಗಿನ ಪುಟ್ಟ ತೂಬು

ಬೇಸಿಗೆಯ ಮಧ್ಯಾಹ್ನ ಮದ್ದೂರಿನಿಂದ ಮಳವಳ್ಳಿಗೆ ಹೊರಟ ಕಾರೊಂದು ಬಿಸಿಯೇರಿ ದಾರಿಯಲ್ಲಿ ನಿಂತಿತೆನ್ನಿ. ಮೆಕ್ಯಾನಿಕ್ ಬಂದು ನೋಡುತ್ತಾನೆ. ‘ಥರ್ಮೋಸ್ಟಾಟ್ ಹೋಗಿದೆ ಸಾರ್. ನಮ್ಮ ಬಿಸಿಲಿಗೆ ಅದು ಬೇಕಾಗೇ ಇಲ್ಲ, ತೆಗೆದುಬಿಡ್ತೀನಿ’ ಎನ್ನುತ್ತಾನೆ. ಖರ್ಚು ಉಳಿಯಿತೆಂದು ಮಾಲೀಕರಿಗೂ ಸಮಾಧಾನ. ನಿಜವಾಗಿಯೂ ಉಳಿಯಿತೇ? ಶಾಲೆಯ ಶಾಖದ ಪಾಠವೇ ಇದಕ್ಕೆ ಉತ್ತರ ಹೇಳುತ್ತದೆ.

ಪೆಟ್ರೋಲ್ ಉರಿದಾಗ ಬರುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಕಾರನ್ನು ಓಡಿಸುವ ಕೆಲಸಕ್ಕೆ ಒದಗುತ್ತದೆ. ಸುಮಾರು ಅಷ್ಟೇ ಶಾಖ ಹೊಗೆಯೊಡನೆ ಹೊರಹೋಗುತ್ತದೆ. ಉಳಿದುದರಲ್ಲಿ ಹೆಚ್ಚಿನದನ್ನು ಎಂಜಿನ್ ಸುತ್ತ ಹರಿಯುವ ಕೂಲೆಂಟ್ ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡುತ್ತದೆ. ಈ ದಾರಿಗೆ ಅಡ್ಡಲಾಗಿರುವ ಸ್ವಯಂಚಾಲಿತ ತೂಬೇ ಥರ್ಮೋಸ್ಟಾಟ್.

ತಾನಾಗಿ ತೆರೆಯುವ ಬಾಗಿಲು ಮಂಡ್ಯದವರಿಗೆ ಹೊಸದಲ್ಲ. ನೀರು ಏರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚುವ ಗೇಟುಗಳನ್ನು ಸರ್ ಎಂ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದರು. ಮುಂದೆ ನಮ್ಮ ಕನ್ನಂಬಾಡಿಗೂ ಅಂಥ ಗೇಟುಗಳು ಬಂದವು. ಅಲ್ಲಿ ನೀರಿನ ಮಟ್ಟ ಮಾಡುವ ಕೆಲಸವನ್ನು ಕಾರಿನಲ್ಲಿ ಉಷ್ಣತೆ ಮಾಡುತ್ತದೆ.

ಥರ್ಮೋಸ್ಟಾಟಿನ ಲೋಹದ ಡಬ್ಬಿಯಲ್ಲಿ ಮೇಣ ತುಂಬಿರುತ್ತದೆ. ಅನೇಕ ಕಾರುಗಳಲ್ಲಿ ಸುಮಾರು 82ರಿಂದ 88 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಆ ಮೇಣ ಕರಗಿ, ಹಿಗ್ಗಿ, ಕವಾಟವನ್ನು ತಳ್ಳುತ್ತದೆ. ತಣ್ಣಗಾದಾಗ ಮೇಣ ಕುಗ್ಗುತ್ತದೆ, ಸ್ಪ್ರಿಂಗ್ ಕವಾಟವನ್ನು ಮುಚ್ಚುತ್ತದೆ.

ತೆಗೆದರೆ ಏನಾಗುತ್ತದೆ?

ನಮ್ಮ ಬಿಸಿಲು ಎಷ್ಟೇ ಇದ್ದರೂ 40 ಡಿಗ್ರಿಯ ಆಸುಪಾಸು. ಎಂಜಿನ್ನಿಗೆ ಬೇಕಾದದ್ದು ಅದರ ಎರಡರಷ್ಟು. ತೂಬು ಇಲ್ಲದಿದ್ದರೆ ಎಂಜಿನ್ ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದು, ಆಯಿಲ್ ಮಂದವಾಗಿಯೇ ಉಳಿಯುತ್ತದೆ. ಇಂಧನವೂ ಹೆಚ್ಚು, ಸವೆತವೂ ಹೆಚ್ಚು. ಕೆಲವು ಎಂಜಿನ್ನುಗಳಲ್ಲಂತೂ ಥರ್ಮೋಸ್ಟಾಟ್ ತೆಗೆದರೆ ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ಆಗ ತಂಪಾಗುವ ಬದಲು ಬಿಸಿ ಏರುವುದೂ ಉಂಟು.

ಮುಚ್ಚಿದಂತೆಯೇ ಸಿಕ್ಕಿಕೊಂಡ ಥರ್ಮೋಸ್ಟಾಟ್ ಇನ್ನೂ ಅಪಾಯಕಾರಿ. ಶಾಖ ಹೊರಹೋಗಲು ದಾರಿಯೇ ಇರುವುದಿಲ್ಲ. ಅನೇಕ ಕಾರುಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಅದು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅತಿಯಾಗಿ ಕಾದರೆ ಹೆಡ್ ಸೊಟ್ಟಗಾಗಿ, ಗ್ಯಾಸ್ಕೆಟ್ ಸುಡುತ್ತದೆ.

ಖರ್ಚಿನ ಲೆಕ್ಕ

ಬಿಲ್ಲಿನಲ್ಲಿ ನಾಲ್ಕು ಬಾಬ್ತುಗಳಿರುತ್ತವೆ: ಥರ್ಮೋಸ್ಟಾಟ್, ಅದರ ಸೀಲು, ಹೊಸ ಕೂಲೆಂಟ್, ಕೂಲಿ. ಸಣ್ಣ ಕಾರುಗಳಿಗೆ ಬಿಡಿಭಾಗ ಕೆಲವು ನೂರು ರೂಪಾಯಿಗೆ ಸಿಗುವುದುಂಟು. ಹೊರಕವಚದ ಸಮೇತ ಕೊಳ್ಳಬೇಕಾದ ಕಾರುಗಳಲ್ಲಿ ಸಾವಿರ ದಾಟುತ್ತದೆ. ಕೈಗೆ ಸುಲಭವಾಗಿ ಎಟುಕದ ಜಾಗದಲ್ಲಿದ್ದರೆ ಬಿಡಿಭಾಗಕ್ಕಿಂತ ಕೂಲಿಯೇ ಹೆಚ್ಚು. ಇದನ್ನು ಉಳಿಸಲು ಹೋಗಿ ಹೆಡ್ ಬಿಚ್ಚಿಸುವ ಪರಿಸ್ಥಿತಿ ಬಂದರೆ ಲೆಕ್ಕ ಹತ್ತಾರು ಸಾವಿರಕ್ಕೆ ಏರುತ್ತದೆ.

ಹಾಗೆಂದು ಬಿಸಿಯೇರಿದ್ದಕ್ಕೆಲ್ಲ ಥರ್ಮೋಸ್ಟಾಟೇ ಕಾರಣವಲ್ಲ. ಕೂಲೆಂಟ್ ಸೋರಿರಬಹುದು, ಫ್ಯಾನ್ ತಿರುಗದಿರಬಹುದು, ರೇಡಿಯೇಟರ್ ಕಟ್ಟಿಕೊಂಡಿರಬಹುದು. ಗಡಸಾದ ಬೋರ್‌ವೆಲ್ ನೀರನ್ನೇ ಸುರಿಯುತ್ತಾ ಬಂದರೆ, ಬಿಸಿನೀರಿನ ಹಂಡೆಯೊಳಗೆ ಕಟ್ಟುವಂಥ ಬಿಳಿಯ ಪಾಚು ಎಂಜಿನ್ನಿನೊಳಗೂ ಕಟ್ಟುತ್ತದೆ.

ಪರೀಕ್ಷಿಸಿ ನೋಡಿ

ಬಿಚ್ಚಿದ ಥರ್ಮೋಸ್ಟಾಟನ್ನು ಪರೀಕ್ಷಿಸುವುದು ಸುಲಭ. ಪಾತ್ರೆಯ ನೀರಿನಲ್ಲಿ ಅದನ್ನು ದಾರದಿಂದ ತೂಗುಬಿಡಿ. ಪಕ್ಕದಲ್ಲಿ ಪ್ರಯೋಗಾಲಯದ ಥರ್ಮಾಮೀಟರ್ ಇರಲಿ. ಎರಡೂ ತಳ ಮುಟ್ಟಬಾರದು. ನಿಧಾನವಾಗಿ ಕಾಯಿಸಿ. ಥರ್ಮೋಸ್ಟಾಟಿನ ಮೇಲೆ ಅಚ್ಚಾದ ಡಿಗ್ರಿಯ ಹತ್ತಿರ ಕವಾಟ ಬಾಯಿ ತೆರೆಯತೊಡಗಬೇಕು, ಆರಿದಾಗ ಮುಚ್ಚಬೇಕು. ನೀರು ಕುದಿದರೂ ತೆರೆಯದಿದ್ದರೆ ಅದು ಕೆಟ್ಟಿದೆ. ತಣ್ಣಗಿರುವಾಗಲೂ ಬಾಯಿ ತೆರೆದೇ ಇದ್ದರೂ ಕೆಟ್ಟಿದೆ. ವಿದ್ಯಾರ್ಥಿಗಳು ಇದನ್ನು ಹಿರಿಯರ ಎದುರಿನಲ್ಲೇ ಮಾಡಬೇಕು. ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನಂತೂ ಯಾರೂ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಮುಂದಿನ ಬಾರಿ ಗ್ಯಾರೇಜಿನಲ್ಲಿ ‘ಇದು ಬೇಡ, ತೆಗೆದುಬಿಡೋಣ’ ಎಂದಾಗ ತಂದೆತಾಯಿಯರು ಹಳೆಯ ಭಾಗವನ್ನು ಕೇಳಿ ಪಡೆಯಲಿ. ಕೆಟ್ಟಿದೆಯೇ ಇಲ್ಲವೇ ಎಂದು ಮನೆಯ ಮಕ್ಕಳೇ ಹೇಳಬಲ್ಲರು.