ಕೆಲಸದಿಂದ ತೆಗೆಯುವುದಕ್ಕೂ ಒಂದು ಕ್ರಮವಿದೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಜಗಲಿಯಲ್ಲಿ ಕುಳಿತು, ಮಡಿಲಲ್ಲಿ ತಡ್ಪೆಯಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರನ್ನು ನೋಡದವರಿಲ್ಲ. ನನ್ನ ಅಮ್ಮನೂ ಅವರಲ್ಲೊಬ್ಬಳು. ನಾನು ಹೈಸ್ಕೂಲಿನಲ್ಲಿದ್ದಾಗ, ಒಂದು ಮಳೆಗಾಲದ ಸಂಜೆ, ಅವಳು ಬ್ರಾಂಚಿನಿಂದ ಬರಿಗೈಯಲ್ಲಿ ಮರಳಿದಳು. ಬೀಡಿ ಸರಿಯಿಲ್ಲವೆಂದು ಗುತ್ತಿಗೆದಾರರು ಅವಳ ಪುಸ್ತಕವನ್ನು ಇಟ್ಟುಕೊಂಡು, “ನಾಳೆಯಿಂದ ಬರುವುದು ಬೇಡ” ಎಂದಿದ್ದರಂತೆ. ಹೀಗೆ ಒಂದೇ ಮಾತಿನಲ್ಲಿ ಒಬ್ಬರ ಕೆಲಸವನ್ನು ಮುಗಿಸಬಹುದೇ? ಅಂದು ಹುಟ್ಟಿದ ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಕೆಲಸವೆಂಬುದು ಒಂದು ಕರಾರು. ಕರಾರನ್ನು ಮುರಿದವರನ್ನು ಬಿಡುವ ಹಕ್ಕು ಧಣಿಗೆ ಇರತಕ್ಕದ್ದೇ. ಆದರೆ ಮುರಿದದ್ದು ನಿಜವೆಂದು ತೀರ್ಮಾನಿಸುವವರು ಯಾರು? ನೆದರ್ಲೆಂಡ್ಸ್ ದೇಶದ ಸಿವಿಲ್ ಸಂಹಿತೆಯ ಪ್ರಕಾರ, ಕರಾರುಭಂಗದ ಕಾರಣಕ್ಕಾಗಿ ಉದ್ಯೋಗದ ಕರಾರನ್ನು ರದ್ದುಪಡಿಸುವ ಅಧಿಕಾರ ನ್ಯಾಯಾಧೀಶರಿಗೆ ಮಾತ್ರ ಇದೆ. ನಮ್ಮಲ್ಲಿ ಧಣಿಯೇ ತೆಗೆಯಬಹುದು. ಆದರೆ ಮನಬಂದಂತೆ ಅಲ್ಲ.

ಅಮ್ಮನ ಕಾಲದಲ್ಲಿ ಜಾರಿಯಲ್ಲಿದ್ದುದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ. ಎಲೆ, ಹೊಗೆಸೊಪ್ಪು ತಂದು ಮನೆಯಲ್ಲಿ ಕಟ್ಟುವವರನ್ನೂ ಅದು ಕಾರ್ಮಿಕರೆಂದೇ ಎಣಿಸಿತ್ತು. ಧಣಿಗಳು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 1974ರಲ್ಲಿ ಮಂಗಳೂರು ಗಣೇಶ್ ಬೀಡಿ ಮೊಕದ್ದಮೆಯಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಅದರ 31ನೆಯ ಕಲಮಿನಂತೆ, ಆರು ತಿಂಗಳು ದುಡಿದವರನ್ನು ಯೋಗ್ಯ ಕಾರಣವಿಲ್ಲದೆ ತೆಗೆಯಕೂಡದು. ತೆಗೆಯುವುದಾದರೆ ಒಂದು ತಿಂಗಳ ನೋಟೀಸು, ಇಲ್ಲವೇ ಅದರ ಬದಲಿಗೆ ಮಜೂರಿ ಕೊಡಬೇಕು. ದುರ್ನಡತೆಯ ಆರೋಪವಿದ್ದರೆ ನೋಟೀಸು ಬೇಕಿಲ್ಲ. ಆದರೆ ವಿಚಾರಣೆ ನಡೆಸಿ, ಸಾಕ್ಷ್ಯವನ್ನು ಬರೆದಿಡಬೇಕು. ಕಾರಣ ಸರಿಯಲ್ಲ, ತಪ್ಪು ಮಾಡಿಲ್ಲ, ಅಥವಾ ಶಿಕ್ಷೆ ಅತಿಯಾಯಿತು ಎಂದು ಕಾರ್ಮಿಕರು ಅಪೀಲು ಮಾಡಬಹುದಾಗಿತ್ತು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯಿದೆ ರದ್ದಾಯಿತು. ಈಗ ವಜಾ ಆದ ಕಾರ್ಮಿಕರು ಮೊದಲು ಸಂಧಾನಾಧಿಕಾರಿಯ ಬಳಿಗೆ, ಅಲ್ಲಿ 45 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನ್ಯಾಯಮಂಡಳಿಗೆ ಹೋಗಬಹುದು. ವಜಾ ಆದ ಎರಡು ವರ್ಷಗಳೊಳಗೆ ಅರ್ಜಿ ಹಾಕಬೇಕೆಂಬುದನ್ನು ಮರೆಯಬಾರದು.

ಅಮ್ಮನಿಗೆ ಕಲಮು ತಿಳಿದಿರಲಿಲ್ಲ. ನೆರೆಮನೆಯ ಅಕ್ಕ ಹೇಳಿಕೊಟ್ಟಂತೆ ಮರುದಿನ ಬ್ರಾಂಚಿಗೆ ಹೋಗಿ, “ನನ್ನ ತಪ್ಪೇನೆಂದು ಬರೆದು ಕೊಡಿ” ಎಂದಳು. ಬರೆಯಲು ಯಾರೂ ಮುಂದಾಗಲಿಲ್ಲ. ನಾಲ್ಕನೆಯ ದಿನ ಪುಸ್ತಕ ಮರಳಿ ಬಂತು. ಆ ಮೂರು ದಿನಗಳ ಮಜೂರಿ ಬರಲಿಲ್ಲ.

ಮಿತ್ರರೇ, ನಾಳೆ ನಾವೂ ಕೆಲಸಕ್ಕೆ ಸೇರುವವರು. ಆ ಒಂದು ಮಾತು ನೆನಪಿರಲಿ.